ಎರಡು ವರ್ಷದಿಂದ 11.40 ಮೀಟರಲ್ಲೇ ನಿಂತ ಮಗಳು, ಜೊನಾಥನ್ ಎಡ್ವರ್ಡ್ಸ್ ಬಗ್ಗೆ ಅವಳು ಕೇಳಿದ ಪ್ರಶ್ನೆ

ಹರಿಹರದ ಅಪ್ಪ:

ಎಲ್ಲರಿಗೂ ನಮಸ್ಕಾರ. ನಾನು ಆಟೋಟದವನಲ್ಲ. ಹರಿಹರದಲ್ಲಿ ಸಣ್ಣ ಹಾರ್ಡ್‌ವೇರ್ ಅಂಗಡಿ ಇದೆ. ಮಗಳು ಸೆಕೆಂಡ್ ಪಿಯುಸಿ. ಎಂಟನೇ ಕ್ಲಾಸಿನಿಂದ ಟ್ರಿಪಲ್ ಜಂಪ್ (ಓಡಿ ಬಂದು ಒಂದರ ಹಿಂದೆ ಒಂದು ಮೂರು ಸಲ ಜಿಗಿದು ಮರಳಿಗೆ ಬೀಳುವ ಆಟ) ಮಾಡುತ್ತಿದ್ದಾಳೆ. ಹೋಬಳಿ, ತಾಲ್ಲೂಕು, ಜಿಲ್ಲೆ ಅಂತ ಒಂದೊಂದೇ ಮೆಟ್ಟಿಲು ಹತ್ತಿ ಬಂದಳು. ಆದರೆ ಎರಡು ವರ್ಷದಿಂದ 11.40 ಮೀಟರ್ ದಾಟುತ್ತಿಲ್ಲ. ಒಮ್ಮೆ 11.38, ಒಮ್ಮೆ 11.40, ಮತ್ತೆ ಅಲ್ಲಿಗೇ. ಇಲ್ಲ ಅಂದ್ರೆ ಗೆರೆ ತುಳಿದು ಫೌಲ್.

ಹೋದ ತಿಂಗಳು ಒಂದು ಆಯ್ಕೆ ಶಿಬಿರಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿದ್ದವರೊಬ್ಬರು ಅವಳ ಎದುರಿಗೇ "ಎತ್ತರ ಸಾಲದು, ಇದನ್ನು ಬಿಟ್ಟು ಬೇರೆ ಏನಾದರೂ ನೋಡಿ" ಅಂದರು. ಅವಳು ಐದು ಅಡಿ ಎರಡು ಅಂಗುಲ. ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದವಳೇ ಸ್ಪೈಕ್ಸ್ ಶೂ ಪೇಪರಿನಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟುಬಿಟ್ಟಳು.

ಮೊನ್ನೆ ರಾತ್ರಿ ಮೊಬೈಲಿನಲ್ಲಿ ಹಳೆಯ ವಿಡಿಯೋ ಒಂದು ನೋಡುತ್ತಾ ಕೂತಿದ್ದಳು. ಇಂಗ್ಲೆಂಡಿನ ಜೊನಾಥನ್ ಎಡ್ವರ್ಡ್ಸ್ 18.29 ಮೀಟರ್ ಹಾರಿದ್ದು. ನಾನೂ ಪಕ್ಕದಲ್ಲಿ ಕೂತು ನೋಡಿದೆ. ಆ ಮನುಷ್ಯ ನೆಲಕ್ಕೆ ಕಾಲು ಊರುತ್ತಾನೋ ಇಲ್ಲವೋ ಅನ್ನಿಸಿತು. ಅವಳು ಕೇಳಿದಳು: "ಅಪ್ಪಾ, ಇವರು ಮೊದಲಿಂದಲೂ ಹೀಗೇ ಹಾರುತ್ತಿದ್ದರಾ?"

ನನಗೆ ಗೊತ್ತಿಲ್ಲ ಅಂದೆ. ಗೊತ್ತಿರುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಅವಳಿಗೆ ಓದಿ ಹೇಳಬೇಕು.

ನಿವೃತ್ತ ಪಿಟಿ ಮೇಷ್ಟ್ರು:

ಇಲ್ಲ ಸ್ವಾಮಿ, ಮೊದಲಿಂದಲೂ ಹಾಗೆ ಹಾರುತ್ತಿರಲಿಲ್ಲ. ಇದನ್ನು ಮೊದಲು ಆ ಮಗುವಿಗೆ ಹೇಳಿಬಿಡಿ, ಉಳಿದದ್ದು ಆಮೇಲೆ ಓದಿ.

ನಾನು 31 ವರ್ಷ ಹೈಸ್ಕೂಲಿನಲ್ಲಿ ಪಿಟಿ ಮೇಷ್ಟ್ರಾಗಿದ್ದವನು. 1995ರ ಆಗಸ್ಟ್‌ನಲ್ಲಿ ಪೇಪರಿನ ಆಟದ ಪುಟದಲ್ಲಿ 18.29 ಅನ್ನೋ ಅಂಕಿ ನೋಡಿ ಅಚ್ಚಿನ ತಪ್ಪು ಅಂದುಕೊಂಡೆ. ನಂಬಿಕೆ ಬರದೆ ಟೇಪ್ ತೆಗೆದುಕೊಂಡು ಶಾಲೆಯ ವರಾಂಡಕ್ಕೆ ಹೋದೆ. ನಮ್ಮ ಶಾಲೆಯ ಒಂದೊಂದು ಕೋಣೆ 20 ಅಡಿ ಉದ್ದ. ಎಂಟನೇ ಕ್ಲಾಸಿನ ಬಾಗಿಲ ಪಕ್ಕದ ಗೋಡೆಯಿಂದ ಹಿಡಿದು ಎಳೆದೆ. ಒಂಬತ್ತನೇ ಕ್ಲಾಸ್ ದಾಟಿತು. ಹತ್ತನೇ ಕ್ಲಾಸ್ ಮುಗಿಯುವ ಗೋಡೆಗೆ ಬಂದು ನಿಂತಿತು. ಮೂರು ಕೋಣೆ! 60 ಅಡಿ, ಮೇಲೆ ಎರಡು ಮಿಲಿಮೀಟರ್. ಒಬ್ಬ ಮನುಷ್ಯ ಮೂರು ಕ್ಲಾಸ್‌ರೂಮನ್ನು ಮೂರು ಸಲ ಕಾಲೂರಿ ದಾಟಿಬಿಟ್ಟಿದ್ದ. ಮಕ್ಕಳೆಲ್ಲ ಕಿಟಕಿಯಿಂದ ಇಣುಕಿ ನೋಡುತ್ತಿದ್ದರು. ಆವತ್ತಿನಿಂದ ಆತನ ಬಗ್ಗೆ ಸಿಕ್ಕಿದ್ದೆಲ್ಲ ಓದುತ್ತಾ ಬಂದೆ.

ಎಡ್ವರ್ಡ್ಸ್ ಹುಟ್ಟಿದ್ದು 1966ರಲ್ಲಿ ಲಂಡನ್ನಿನಲ್ಲಿ. ಅಪ್ಪ ಚರ್ಚಿನ ಪಾದ್ರಿ. ಡರ್ಹಾಮ್ ವಿಶ್ವವಿದ್ಯಾಲಯದಲ್ಲಿ ಫಿಸಿಕ್ಸ್ ಓದಿದ. ಆಮೇಲೆ ನ್ಯೂಕ್ಯಾಸಲ್‌ನ ಆಸ್ಪತ್ರೆಯೊಂದರ ಜೆನೆಟಿಕ್ಸ್ ಲ್ಯಾಬಿನಲ್ಲಿ ಕೆಲಸ. ಹಗಲು ಸೂಕ್ಷ್ಮದರ್ಶಕ, ಉಳಿದ ಹೊತ್ತಿನಲ್ಲಿ ಮರಳಿನ ಗುಂಡಿ. ಮೈಕಟ್ಟೂ ಅಷ್ಟೇ, ತೆಳ್ಳಗಿನ ಆಳು. ದಾರಿಯಲ್ಲಿ ಎದುರಾದರೆ ಇವನು ವಿಶ್ವ ಚಾಂಪಿಯನ್ ಅಂತ ಯಾರೂ ಹೇಳುವ ಹಾಗಿರಲಿಲ್ಲ.

22ನೇ ವಯಸ್ಸಿನಲ್ಲಿ ಸೋಲ್ ಒಲಿಂಪಿಕ್ಸ್‌ಗೆ ಹೋದ. ಫೈನಲ್‌ಗೇ ಬರಲಿಲ್ಲ. ನಾಲ್ಕು ವರ್ಷ ಬಿಟ್ಟು ಬಾರ್ಸಿಲೋನಾ. ಅಲ್ಲೂ ಫೈನಲ್ ಇಲ್ಲ. ನಡುವೆ 1991ರಲ್ಲಿ ಟೋಕಿಯೋದಲ್ಲಿ ವಿಶ್ವ ಚಾಂಪಿಯನ್‌ಶಿಪ್ ಇತ್ತು, ಅದಕ್ಕೆ ಹೋಗಲೇ ಇಲ್ಲ. ಕಾರಣ ಗೊತ್ತಾ? ಅರ್ಹತಾ ಸುತ್ತು ಭಾನುವಾರ ಬಿದ್ದಿತ್ತು. ಭಾನುವಾರ ದೇವರ ದಿನ, ಅವತ್ತು ಸ್ಪರ್ಧೆ ಮಾಡಲ್ಲ ಅನ್ನೋದು ಆತನ ನೇಮ. ಅಂಥ ಅವಕಾಶವನ್ನೂ ಬಿಟ್ಟ. 1993ರಲ್ಲಿ ಮನಸ್ಸು ಬದಲಾಯಿಸಿ ಭಾನುವಾರವೂ ಆಡತೊಡಗಿದ. (ನಿವೃತ್ತಿಯಾದ ಮೇಲೆ ಆ ನಂಬಿಕೆಯೇ ಹೊರಟುಹೋಯಿತು ಅಂತ ತಾನೇ ಬಾಯಿಬಿಟ್ಟು ಹೇಳಿಕೊಂಡ. ಅದು ಆತನ ಸ್ವಂತ ವಿಷಯ. ಆದರೆ ನಂಬಿದ ಕಾಲದಲ್ಲಿ ನಂಬಿದ ಹಾಗೆ ನಡೆದುಕೊಂಡನಲ್ಲ, ಅದಕ್ಕೆ ನನಗೆ ಗೌರವ ಇದೆ.)

ಆ ವರ್ಷ ಸ್ಟುಟ್‌ಗಾರ್ಟ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 17.44 ಹಾರಿ ಕಂಚು ಗೆದ್ದ. ಸರಿ, ಇನ್ನು ಮೇಲೇರುತ್ತಾನೆ ಅಂತ ಯಾರಾದರೂ ಅಂದುಕೊಳ್ಳುತ್ತಾರೆ ಅಲ್ವಾ? ಇಲ್ಲ. 1994ರಲ್ಲಿ ವೈರಸ್ ಸೋಂಕು ತಗಲಿ ಸುಸ್ತು ಹೊಡೆದುಹೋದ. ಎಪ್‌ಸ್ಟೈನ್-ಬಾರ್ ಅಂತ ಆ ವೈರಸ್ ಹೆಸರು, ಮೈಯ ಕಸುವನ್ನೇ ಹೀರಿಬಿಡುತ್ತೆ. 1995ರ ಬೇಸಿಗೆ ಬರುವ ತನಕ ಆತನ ಅತ್ಯುತ್ತಮ ಜಿಗಿತ ಅದೇ 17.44. ವಯಸ್ಸು 29.

ನಿಮ್ಮ ಮಗಳು ಎರಡು ವರ್ಷದಿಂದ ನಿಂತಲ್ಲೇ ನಿಂತಿದ್ದಾಳೆ ಅಂದಿರಿ. ಆತನೂ ಹೆಚ್ಚುಕಡಿಮೆ ಎರಡು ವರ್ಷ ಒಂದೇ ಅಳತೆಯಲ್ಲಿ ನಿಂತಿದ್ದ.

ಆ ಚಳಿಗಾಲದಲ್ಲಿ ಆತ ಜಿಗಿಯುವ ರೀತಿಯನ್ನೇ ತಿದ್ದಿಕೊಂಡ. ಮೊದಲು ಓಡುವಾಗ ಬೀಸುವ ಹಾಗೆ ಒಂದೊಂದು ಕೈ ಬೀಸುತ್ತಿದ್ದ. ಈಗ ಎರಡೂ ಕೈಯನ್ನು ಒಟ್ಟಿಗೆ ಹಿಂದೆ ಎಳೆದು ಒಟ್ಟಿಗೆ ಮುಂದಕ್ಕೆ ಬೀಸುವುದನ್ನು ಕಲಿತ. ಅಮೆರಿಕದ ಮೈಕ್ ಕಾನ್ಲಿ ಹಾಗೆ ಮಾಡುತ್ತಿದ್ದ. ಬಾರ್ಸಿಲೋನಾದಲ್ಲಿ ಕಾನ್ಲಿ 18.17 ಹಾರಿ ಚಿನ್ನ ಗೆದ್ದಿದ್ದ, ಆದರೆ ಹಿಂದಿನಿಂದ ಬೀಸಿದ ಗಾಳಿ ಸೆಕೆಂಡಿಗೆ 2.1 ಮೀಟರ್. ಮಿತಿ 2.0. ಅಷ್ಟಕ್ಕೇ ದಾಖಲೆ ತಪ್ಪಿತ್ತು.

ಕೈ ಬದಲಾಯಿಸಿದ ಮೇಲೆ ನೋಡಿ ಏನಾಯ್ತು. ಜೂನ್‌ನಲ್ಲಿ ಫ್ರಾನ್ಸಿನ ಲಿಲ್‌ನಲ್ಲಿ 18.43 ಹಾರಿದ. ಗಾಳಿ 2.4 ಇತ್ತು, ದಾಖಲೆಗೆ ಸೇರಲಿಲ್ಲ. ಜುಲೈನಲ್ಲಿ ಸ್ಪೇನಿನ ಸಲಮಾಂಕಾದಲ್ಲಿ 17.98. ಅಮೆರಿಕದ ವಿಲ್ಲಿ ಬ್ಯಾಂಕ್ಸ್‌ನ ವಿಶ್ವದಾಖಲೆ 17.97 ಹತ್ತು ವರ್ಷದಿಂದ ಅಲ್ಲಾಡದೆ ಕೂತಿತ್ತು, ಒಂದು ಸೆಂಟಿಮೀಟರಿನಲ್ಲಿ ಮುರಿಯಿತು. ಆಗಸ್ಟ್ 7ಕ್ಕೆ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್. ಮೊದಲ ಜಿಗಿತವೇ 18.16. ಗಾಳಿ 1.3, ಎಲ್ಲ ಸರಿಯಾಗಿತ್ತು. ನಿಯಮದ ಒಳಗೆ 18 ಮೀಟರ್ ದಾಟಿದ ಮೊದಲ ಮನುಷ್ಯ. ಜನ ಇನ್ನೂ ಚಪ್ಪಾಳೆ ಹೊಡೆಯುತ್ತಿರುವಾಗಲೇ ಎರಡನೇ ಜಿಗಿತಕ್ಕೆ ಬಂದ. 18.29! ಬೆಳ್ಳಿ ಗೆದ್ದ ಬರ್ಮುಡಾದ ಬ್ರಯಾನ್ ವೆಲ್‌ಮನ್ ಹಾರಿದ್ದು 17.62. ನಡುವೆ 67 ಸೆಂಟಿಮೀಟರ್.

17.44 ಎಲ್ಲಿ, 18.29 ಎಲ್ಲಿ. ಕಾಲು ಅವೇ, ಆಳೂ ಅವನೇ. 85 ಸೆಂಟಿಮೀಟರ್ ಎಲ್ಲಿಂದ ಬಂತು?

ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಆತ ಜಾಸ್ತಿ ಎತ್ತರ ಹಾರಲಿಲ್ಲ. ವೇಗವನ್ನು ಕಳೆದುಕೊಳ್ಳಲಿಲ್ಲ, ಅಷ್ಟೆ. 100 ಮೀಟರನ್ನು 10.48 ಸೆಕೆಂಡಿನಲ್ಲಿ ಓಡುವ ಕಾಲು ಅದು. ಮೂರು ಜಿಗಿತದಲ್ಲಿ ಮೊದಲನೆಯದು ಹಾಪ್, ಹಾರಿದ ಕಾಲಿನ ಮೇಲೇ ಇಳಿಯಬೇಕು. ಎರಡನೆಯದು ಸ್ಟೆಪ್, ಇನ್ನೊಂದು ಕಾಲಿನ ಮೇಲೆ. ಮೂರನೆಯದು ಜಂಪ್, ಮರಳಿಗೆ. ಹೆಚ್ಚಿನವರು ಓಟದ ಕೊನೆಯಲ್ಲಿ ಜಿಗಿಯುವ ಹಲಗೆ, ಅಂದರೆ ಬೋರ್ಡಿನ ಮೇಲೆ ಕಾಲಿಟ್ಟ ಕೂಡಲೇ ಮೇಲಕ್ಕೆ ಎಗರುತ್ತಾರೆ. ಎತ್ತರದಿಂದ ಬಿದ್ದ ಕಾಲು ಕುಸಿಯುತ್ತೆ. ಆ ಹೊತ್ತಿಗೆ ಒಂಟಿ ಕಾಲಿನ ಮೇಲೆ ಮೈತೂಕದ ಹತ್ತು ಪಟ್ಟಿಗೂ ಜಾಸ್ತಿ ಭಾರ ಬೀಳುತ್ತೆ. ಕುಸಿದ ಕಾಲಿನಲ್ಲಿ ಇನ್ನೆಂಥ ಸ್ಟೆಪ್? ನಿಮ್ಮೂರಲ್ಲಿ ಹೊಳೆ ಇದೆಯಲ್ಲ, ಚಪ್ಪಟೆ ಕಲ್ಲು ಆರಿಸಿ ನೀರಿನ ಮೇಲೆ ಓರೆಯಾಗಿ ಎಸೆದು ನೋಡಿ. ತಗ್ಗಿನಲ್ಲಿ, ಜೋರಾಗಿ ಎಸೆದರೆ ಮೂರು ನಾಲ್ಕು ಸಲ ಚಿಮ್ಮುತ್ತಾ ಹೋಗುತ್ತೆ. ಮೇಲಿನಿಂದ ಎಸೆದರೆ ಡುಬುಕ್ ಅಂತ ಅಲ್ಲೇ ಮುಳುಗುತ್ತೆ. ಎಡ್ವರ್ಡ್ಸ್ ಆ ಚಪ್ಪಟೆ ಕಲ್ಲಿನ ಹಾಗೆ ಹೋಗುತ್ತಾನೆ.

ಗೋಥೆನ್‌ಬರ್ಗಿನ ಆ ಜಿಗಿತವನ್ನು ತುಂಡು ತುಂಡಾಗಿ ಅಳೆದಿದ್ದಾರೆ. ಹಾಪ್ 6.05, ಸ್ಟೆಪ್ 5.22, ಜಂಪ್ 7.02. ಈ ಅಂಕಿ ಸಿಕ್ಕಿದ ದಿನ ಅದೇ ವರಾಂಡದಲ್ಲಿ ಸುಣ್ಣದ ಗೆರೆ ಎಳೆಸಿ, ಒಂದೊಂದು ಗೆರೆಗೆ ಒಬ್ಬೊಬ್ಬ ಹುಡುಗನನ್ನು ನಿಲ್ಲಿಸಿದ್ದೆ. ನಡುವಿನ ಆ 5.22 ನೋಡಿ ಎಲ್ಲರೂ ಸುಮ್ಮನಾದರು. ನಮ್ಮ ಮಕ್ಕಳು ಹಾಪ್‌ಗೆ ಇದ್ದಬದ್ದ ಶಕ್ತಿಯೆಲ್ಲ ಸುರಿಯುತ್ತಾರೆ. ಸ್ಟೆಪ್ ಅಂದರೆ ಬರೀ ಒಂದು ಹೆಜ್ಜೆ ಅಂದುಕೊಂಡಿರುತ್ತಾರೆ. ಹಾಪ್ ಆದಮೇಲೆ ತಡವರಿಸಿ ಒಂದು ಕಾಲಿಟ್ಟು ಮರಳಿಗೆ ಬೀಳುತ್ತಾರೆ.

ಆಮೇಲಿನ ಕಥೆಯೂ ಮಗುವಿಗೆ ಹೇಳಿ. ವಿಶ್ವದಾಖಲೆ ಮಾಡಿದ ಮಾರನೇ ವರ್ಷವೇ ಅಟ್ಲಾಂಟಾ ಒಲಿಂಪಿಕ್ಸ್. ಸತತ 22 ಸ್ಪರ್ಧೆ ಗೆದ್ದು ಬಂದಿದ್ದ. ಅಲ್ಲಿ 17.88 ಹಾರಿದ, ಆದರೆ ಅಮೆರಿಕದ ಕೆನ್ನಿ ಹ್ಯಾರಿಸನ್ 18.09 ಹಾರಿ ಚಿನ್ನ ತೆಗೆದುಕೊಂಡ. 1997ರಲ್ಲಿ ಅಥೆನ್ಸ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮತ್ತೆ ಬೆಳ್ಳಿ. 1999ರಲ್ಲಿ ಸೆವಿಯಾದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಂಚು. ಇಳಿಯುತ್ತಾ ಇಳಿಯುತ್ತಾ ಹೋಗುತ್ತಿದ್ದಾನೆ, ಇನ್ನು ಮುಗಿಯಿತು ಅಂತಲೇ ಅನ್ನಿಸುತ್ತಿತ್ತು. 2000ದಲ್ಲಿ ಸಿಡ್ನಿ ಒಲಿಂಪಿಕ್ಸ್‌ಗೆ ಹೋದಾಗ ವಯಸ್ಸು 34. ಬ್ಯಾಗಿನಲ್ಲಿ ಸಾರ್ಡೀನ್ ಮೀನಿನ ಒಂದು ಡಬ್ಬಿ ಇಟ್ಟುಕೊಂಡು ಮೈದಾನಕ್ಕೆ ಹೋಗಿದ್ದ. ಬೈಬಲ್‌ನಲ್ಲಿ ಯೇಸು ಕೆಲವೇ ರೊಟ್ಟಿ, ಮೀನಿನಲ್ಲಿ ಸಾವಿರಾರು ಜನರ ಹೊಟ್ಟೆ ತುಂಬಿಸಿದ ಕಥೆ ಇದೆಯಲ್ಲ, ಅದರ ನೆನಪಿಗೆ. ತನ್ನ ಹತ್ತಿರ ಇರೋದು ಇಷ್ಟೇ, ಇಷ್ಟನ್ನೇ ಕೊಡುತ್ತೇನೆ ಅನ್ನುವ ಹಾಗೆ. 17.71ಕ್ಕೆ ಚಿನ್ನ ಬಂತು. ಲೆಕ್ಕ ಹಾಕಿ ನೋಡಿ, ಅಟ್ಲಾಂಟಾದಲ್ಲಿ ಬೆಳ್ಳಿ ತಂದ ಜಿಗಿತಕ್ಕಿಂತ 17 ಸೆಂಟಿಮೀಟರ್ ಕಡಿಮೆ. ಮುಂದಿನ ವರ್ಷ ಎಡ್‌ಮಂಟನ್‌ನಲ್ಲಿ 17.92 ಹಾರಿ ಮತ್ತೆ ವಿಶ್ವ ಚಾಂಪಿಯನ್. 2002ರಲ್ಲಿ ಮ್ಯಾಂಚೆಸ್ಟರ್ ಕಾಮನ್‌ವೆಲ್ತ್‌ನಲ್ಲಿ ಚಿನ್ನ. 2003ರಲ್ಲಿ ಪ್ಯಾರಿಸ್‌ನಲ್ಲಿ ಕೊನೆಯ ಸ್ಪರ್ಧೆ.

ಆ 18.29ರ ಹತ್ತಿರ ಬಂದವರು ಇದ್ದಾರೆ. ಕ್ರಿಶ್ಚಿಯನ್ ಟೇಲರ್ 2015ರಲ್ಲಿ ಬೀಜಿಂಗ್‌ನಲ್ಲಿ 18.21. ಜೋರ್ಡಾನ್ ಡಯಾಸ್ 2024ರಲ್ಲಿ ರೋಮ್‌ನಲ್ಲಿ 18.18. ಮೂವತ್ತು ವರ್ಷವಾದರೂ ಮುರಿದಿಲ್ಲ.

ಈಗ ನಿಮ್ಮಿಂದ ಒಂದು ಕೆಲಸ ಆಗಬೇಕು. ನಿಮ್ಮದು ಹಾರ್ಡ್‌ವೇರ್ ಅಂಗಡಿ, ಟೇಪಿಗೆ ಬರ ಇಲ್ಲ. ಓಟದ ದಾರಿಯ ಪಕ್ಕ ಕೂತು, ಅವಳ ಕಾಲು ಬಿದ್ದ ಜಾಗಕ್ಕೆ ಗುರುತು ಹಾಕಿ. ಹಾಪ್ ಎಷ್ಟು, ಸ್ಟೆಪ್ ಎಷ್ಟು, ಜಂಪ್ ಎಷ್ಟು, ಬೇರೆ ಬೇರೆ ಅಳೆದು ಇಲ್ಲಿ ಬರೆಯಿರಿ. ಬರೀ ಒಟ್ಟು ಅಳತೆ ನೋಡಿದರೆ ಏನೂ ತಿಳಿಯಲ್ಲ.

ಮರಳುಗುಂಡಿ:

ಮೇಷ್ಟ್ರು ಬರೆದದ್ದು ಓದಿ ಕಣ್ಣು ತುಂಬಿತು. ನಾನು ಶಿರಸಿ ಕಡೆಯವಳು. ಕಾಲೇಜಿನಲ್ಲಿದ್ದಾಗ ಐದು ವರ್ಷ ಟ್ರಿಪಲ್ ಜಂಪ್ ಮಾಡಿದ್ದೇನೆ. ನನ್ನ ಎತ್ತರವೂ ಐದು ಅಡಿ ಎರಡೇ ಅಂಗುಲ. ನನಗೂ ಅದೇ ಮಾತು ಹೇಳಿದ್ದರು.

ತಂಗಿಗೆ ಇನ್ನೊಂದು ವಿಷಯ ಹೇಳಬೇಕು. ಅದೇ ಗೋಥೆನ್‌ಬರ್ಗ್, ಅದೇ ವಾರ. ಎಡ್ವರ್ಡ್ಸ್ ಹಾರಿದ ಮೂರು ದಿನಕ್ಕೆ ಹೆಂಗಸರ ಫೈನಲ್. ಉಕ್ರೇನಿನ ಇನೆಸ್ಸಾ ಕ್ರಾವೆಟ್ಸ್ ಮೊದಲ ಎರಡು ಜಿಗಿತವೂ ಫೌಲ್. ಮೂರನೆಯದೂ ಫೌಲ್ ಆದರೆ ಮನೆಗೆ. ಆ ಮೂರನೇ ಜಿಗಿತ 15.50! ವಿಶ್ವದಾಖಲೆ. ಅದಕ್ಕೆ ಮೊದಲು ಇದ್ದದ್ದು ಅನ್ನಾ ಬಿರ್ಯುಕೋವಾ ಅವರ 15.09. ಕ್ರಾವೆಟ್ಸ್ ದಾಖಲೆ ಟೋಕಿಯೋ ಒಲಿಂಪಿಕ್ಸ್ ತನಕ, ಅಂದರೆ 2021ರ ತನಕ ಉಳಿಯಿತು. ಆಗ ವೆನೆಜುವೆಲಾದ ಯುಲಿಮಾರ್ ರೋಹಾಸ್ 15.67 ಹಾರಿದರು, ಮುಂದಿನ ವರ್ಷ ಬೆಲ್‌ಗ್ರೇಡ್‌ನಲ್ಲಿ 15.74.

ಹೆಂಗಸರಿಗೆ ಒಲಿಂಪಿಕ್ಸ್‌ನಲ್ಲಿ ಟ್ರಿಪಲ್ ಜಂಪ್ ಸಿಕ್ಕಿದ್ದೇ 1996ರಲ್ಲಿ. ಗಂಡಸರಿಗೆ 1896ರಿಂದಲೂ ಇತ್ತು. ನೂರು ವರ್ಷ ಕಾಯಿಸಿದರು. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತೆ. ನಮ್ಮ ದೇಶದಲ್ಲಿ 14 ಮೀಟರ್ ದಾಟಿದ ಮೊದಲ ಹೆಣ್ಣುಮಗಳು ಮಯೂಖಾ ಜಾನಿ, 2011ರಲ್ಲಿ, 14.11.

ಇನ್ನೊಂದು. ಕ್ಯಾಂಪಿನಲ್ಲಿ ನಮಗೆ ಹಾಪ್ ಹೇಳಿಕೊಟ್ಟವರು ಕುಂಟೆಬಿಲ್ಲೆ ಆಡಿಸುತ್ತಿದ್ದರು. ಅದರಲ್ಲೂ ಒಂದೇ ಕಾಲಲ್ಲಿ ಕುಂಟುವಾಗ ಮೈ ಮೇಲೆ ಹೋಗಬಾರದು, ಮುಂದೆ ಹೋಗಬೇಕು. ಹಿಮ್ಮಡಿ ಜೋರಾಗಿ ಕುಟ್ಟಬಾರದು, ಪಾದ ಪೂರ್ತಿ ಇಟ್ಟು ನೆಲವನ್ನು ಹಿಂದಕ್ಕೆ ಎಳೆದ ಹಾಗೆ ಮಾಡಬೇಕು. ಅಂಗಳದಲ್ಲಿ ಬರಿಗಾಲಲ್ಲಿ ಮಾಡಲಿ. ಶೂ ಅಟ್ಟದ ಮೇಲೇ ಇರಲಿ, ಪರವಾಗಿಲ್ಲ.

ಬಸವನಗುಡಿ ಅಜ್ಜ:

ನಡುವೆ ಬಾಯಿ ಹಾಕುತ್ತಿದ್ದೇನೆ. ಬೆಂಗಳೂರಿನವರು ಈ ಆಟದ ಬಗ್ಗೆ ಮಾತಾಡುವಾಗ ಹೆನ್ರಿ ರೆಬೆಲ್ಲೊ ಹೆಸರು ಬಿಡಬಾರದು. 1948ರಲ್ಲಿ ಬೆಂಗಳೂರಿನಲ್ಲಿ ನಡೆದ ಒಲಿಂಪಿಕ್ಸ್ ಆಯ್ಕೆಯಲ್ಲಿ 50 ಅಡಿ 2 ಅಂಗುಲ ಹಾರಿದ ಹುಡುಗ. ನಮ್ಮ ಲೆಕ್ಕದಲ್ಲಿ 15.29 ಮೀಟರ್. ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಲಂಡನ್ನಿನಲ್ಲಿ ಫೈನಲ್ ತಲುಪಿದರು. ಓಡಲು ನಿಂತಿದ್ದಾಗ ಪದಕ ಕೊಡುವ ಕಾರ್ಯಕ್ರಮಕ್ಕೆ ತಡೆದು ನಿಲ್ಲಿಸಿದರಂತೆ. ಚಳಿಯಲ್ಲಿ ಮೈ ತಣ್ಣಗಾಯಿತು. ಆಮೇಲೆ ಓಡಿ ಜಿಗಿದರೆ ತೊಡೆಯ ಹಿಂದಿನ ಸ್ನಾಯು ಹರಿದುಹೋಯಿತು. ಅಲ್ಲಿ ಚಿನ್ನ ಗೆದ್ದ ಸ್ವೀಡನ್ನಿನ ಆರ್ನೆ ಓಮನ್ ಹಾರಿದ್ದು 15.40. ಬೆಂಗಳೂರಿನ ಅಳತೆಗೂ ಅದಕ್ಕೂ 11 ಸೆಂಟಿಮೀಟರ್ ವ್ಯತ್ಯಾಸ. ಆಮೇಲೆ ಅವರು ವಾಯುಪಡೆ ಸೇರಿದರು.

ಅದಕ್ಕೇ ಹೇಳುತ್ತಿದ್ದೇನೆ, ಎರಡು ಜಿಗಿತದ ನಡುವೆ ಮಗುವಿನ ಮೈ ಆರಲು ಬಿಡಬೇಡಿ. ಒಂದು ದಪ್ಪ ಟವೆಲ್ಲೋ ಸ್ವೆಟರ್ರೋ ಜೊತೆಯಲ್ಲಿ ಇರಲಿ.

ಹರಿಹರದ ಅಪ್ಪ:

ಮೇಷ್ಟ್ರೇ, ಮೇಡಂ, ಅಜ್ಜ, ಎಲ್ಲರಿಗೂ ಕೈ ಮುಗಿಯುತ್ತೇನೆ. ಎಲ್ಲವನ್ನೂ ಅವಳಿಗೆ ಓದಿ ಹೇಳಿದೆ. 17.44ರಲ್ಲಿ ಎರಡು ವರ್ಷ ನಿಂತಿದ್ದ ಅನ್ನುವ ಜಾಗ ಬಂದಾಗ "ಇನ್ನೊಂದ್ಸಲ ಓದಪ್ಪಾ" ಅಂದಳು. ಕ್ರಾವೆಟ್ಸ್ ಕಥೆಯನ್ನು ಅವಳೇ ಫೋನ್ ಕಿತ್ತುಕೊಂಡು ಓದಿದಳು. ಭಾನುವಾರ ಬೆಳಿಗ್ಗೆ ತಾನೇ ಸ್ಟೂಲ್ ಹಾಕಿಕೊಂಡು ಅಟ್ಟದಿಂದ ಶೂ ಇಳಿಸಿದಳು.

ಕಾಲೇಜಿನ ಮೈದಾನಕ್ಕೆ ಹೋಗಿ ಅಳೆದೆವು. ನಾನು ಒಂದು ಕಡೆ, ಅವಳ ತಮ್ಮ ಒಂದು ಕಡೆ, ಕೈಯಲ್ಲಿ ಸುಣ್ಣದ ಪುಡಿ. ಐದು ಸಲ ಹಾರಿದಳು. ಚೆನ್ನಾಗಿ ಬಿದ್ದ ಒಂದರ ಲೆಕ್ಕ: ಹಾಪ್ 4.40, ಸ್ಟೆಪ್ 2.70, ಜಂಪ್ 4.30. ಒಟ್ಟು 11.40. ಇದು ಸರಿಯೋ ತಪ್ಪೋ ನನಗೆ ತಿಳಿಯುತ್ತಿಲ್ಲ.

ನಿವೃತ್ತ ಪಿಟಿ ಮೇಷ್ಟ್ರು:

ಸಿಕ್ಕಿತು ನೋಡಿ. 2.70!

ಎಡ್ವರ್ಡ್ಸ್‌ನ ಒಟ್ಟು ಜಿಗಿತದಲ್ಲಿ ಸ್ಟೆಪ್‌ನ ಪಾಲು ನೂರಕ್ಕೆ 28ಕ್ಕಿಂತ ಸ್ವಲ್ಪ ಜಾಸ್ತಿ. ನಿಮ್ಮ ಮಗಳದ್ದು 24 ಕೂಡ ಇಲ್ಲ. ಹಾಪ್‌ನಲ್ಲಿ ಆತ ನೂರಕ್ಕೆ 33 ಖರ್ಚು ಮಾಡಿದ, ಇವಳು 38 ದಾಟಿದ್ದಾಳೆ. ಎಲ್ಲರೂ ಆತನ ಹಾಗೇ ಹಂಚಬೇಕು ಅಂತ ಏನಿಲ್ಲ, ಒಬ್ಬೊಬ್ಬರ ಕಾಲು ಒಂದೊಂದು ಥರ. ಆದರೆ ಇವಳ ಹಾಪ್ ಎತ್ತರ ಹೋಗುತ್ತಿದೆ, ಕಾಲು ಕುಸಿಯುತ್ತಿದೆ, ಇದರಲ್ಲಿ ನನಗೆ ಅನುಮಾನ ಇಲ್ಲ. ಇವಳ ತೊಂದರೆ ಎತ್ತರ ಅಲ್ಲವೇ ಅಲ್ಲ. ಆ ಮಾತನ್ನು ಇವತ್ತೇ ಮನಸ್ಸಿನಿಂದ ತೆಗೆದುಹಾಕಲಿ.

ಹಾಪ್ ಬೀಳುವ ಜಾಗಕ್ಕೆ 4.20ರಲ್ಲಿ ಒಂದು ಗೆರೆ ಹಾಕಿ. ಅದಕ್ಕಿಂತ ಮುಂದೆ ಹೋಗಬಾರದು. ಅಲ್ಲಿಂದ ಮೂರು ಮೀಟರಿಗೆ ಇನ್ನೊಂದು ಗೆರೆ. ಅದನ್ನು ಮುಟ್ಟಬೇಕು. ಪೂರ್ತಿ ಓಟ ಬೇಡ, ಎಂಟು ಹೆಜ್ಜೆ ಓಟ ಸಾಕು. ವಾರಕ್ಕೆ ಎರಡೇ ದಿನ, ಮಣ್ಣು ಮೆತ್ತಗಿರುವ ಕಡೆ. ಮಂಡಿ ನೋವು ಅಂದರೆ ಅವತ್ತಿಗೆ ನಿಲ್ಲಿಸಿಬಿಡಿ. ಎರಡು ಕೈ ಬೀಸುವುದನ್ನು ಈಗಲೇ ಹೇಳಿಕೊಡಬೇಡಿ, ಒಂದಾದ ಮೇಲೆ ಒಂದು.

ಒಂದೂವರೆ ತಿಂಗಳು ಬಿಟ್ಟು ಮತ್ತೆ ಅಳೆದು ಬರೆಯಿರಿ. ಕಾಯುತ್ತಿರುತ್ತೇನೆ.

ಹರಿಹರದ ಅಪ್ಪ:

ಮೇಷ್ಟ್ರೇ, ಏಳು ವಾರ ಆಯಿತು. ಮಳೆ ಬಂದು ಎರಡು ವಾರ ಮೈದಾನ ಕೆಸರಾಗಿತ್ತು, ಅದಕ್ಕೆ ತಡ.

ಇವತ್ತು ಬೆಳಿಗ್ಗೆ ಪೂರ್ತಿ ಓಟದಲ್ಲಿ ಹಾರಿದಳು. ಮೊದಲನೆಯದು ಫೌಲ್. ಎರಡನೆಯದೂ ಫೌಲ್. ಸ್ವೆಟರ್ ಹಾಕಿಕೊಂಡು ಹೋಗಿ ಓಟದ ಶುರುವಿನ ಗುರುತನ್ನು ಅರ್ಧ ಅಡಿ ಹಿಂದೆ ಸರಿಸಿ ಬಂದಳು. ಮೂರನೆಯದಕ್ಕೆ ಹಾಪ್ 4.20, ಸ್ಟೆಪ್ 3.05, ಜಂಪ್ 4.35. ನಾನು ಎರಡು ಸಲ ಕೂಡಿಸಿದೆ. 11.60.

ಮರಳು ಒದ್ದೆ ಇತ್ತು, ಬೆನ್ನೆಲ್ಲ ಮೆತ್ತಿಕೊಂಡಿತ್ತು. ಕೊಡವಿಕೊಳ್ಳದೆ ಟೇಪ್ ಹತ್ತಿರ ಓಡಿ ಬಂದು ನಡುವಿನ ಗೆರೆಯನ್ನೇ ನೋಡುತ್ತಾ ನಿಂತಳು. "ಮೇಷ್ಟ್ರಿಗೆ ಸ್ಟೆಪ್ ಮೂರು ಪಾಯಿಂಟ್ ಸೊನ್ನೆ ಐದು ಅಂತ ಬರಿ" ಅಂದಳು. ಅದಕ್ಕೇ ಬರೆಯುತ್ತಿದ್ದೇನೆ. ಎರಡು ಕೈ ಬೀಸುವುದನ್ನು ಈಗ ಶುರು ಮಾಡಬಹುದಾ ಅಂತಲೂ ಕೇಳುತ್ತಿದ್ದಾಳೆ.